ಹಳದಿ ಗೇಟು, ಅರವತ್ತು ಗಂಟೆ

2024ರ ಮಾರ್ಚ್ 20. ಬೆಳಗಿನ ಜಾವ 4 ಗಂಟೆ 17 ನಿಮಿಷ. ಅಮೆರಿಕದ ಟೆನೆಸಿ ರಾಜ್ಯದ ಫ್ರೋಜನ್ ಹೆಡ್ ಕಾಡಿನಂಚಿನಲ್ಲಿ ಶಂಖ ಮೊಳಗಿತು.

ಡೇರೆಗಳು ಅಲುಗಾಡಿದವು. ಹೆಡ್‌ಲ್ಯಾಂಪ್‌ಗಳು ಹೊತ್ತಿಕೊಂಡವು. ಶೂ ದಾರ ಬಿಗಿದರು, ನಕ್ಷೆ ಮಡಚಿದರು, ನಿಂತಲ್ಲೇ ಎರಡು ತುತ್ತು ನುಂಗಿದರು. ಈ ಓಟ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಯಾರಿಗೂ ಮೊದಲೇ ಹೇಳುವುದಿಲ್ಲ. ರಾತ್ರಿಯೆಲ್ಲ ಕಿವಿ ತೆರೆದೇ ಮಲಗಬೇಕು. ಶಂಖ ಕೇಳಿತೋ, ಕೈಯಲ್ಲಿರುವುದು ಒಂದೇ ಗಂಟೆ.

5 ಗಂಟೆ 17 ನಿಮಿಷ. ಹಳದಿ ಗೇಟಿನ ಪಕ್ಕ ಬಿಳಿ ಗಡ್ಡದ ಮುದುಕನೊಬ್ಬ ಸಿಗರೇಟು ಹೊತ್ತಿಸಿದ. ಅದೇ ಇಲ್ಲಿನ ಪಿಸ್ತೂಲು. ಸುಮಾರು ನಲವತ್ತು ಓಟಗಾರರು ಕತ್ತಲೊಳಗೆ ನುಗ್ಗಿದರು.

ಅವರ ನಡುವೆ ನಲವತ್ತರ ಹರೆಯದ ಒಬ್ಬ ಪಶುವೈದ್ಯೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯಲ್ಲಿ ಕೆಲಸ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ಓಡುವುದು ಖುಷಿಗೆ. ಹೆಸರು ಜಾಸ್ಮಿನ್ ಪ್ಯಾರಿಸ್.

ಈ ಓಟವನ್ನು ಯಾವ ಹೆಣ್ಣೂ ಮುಗಿಸಲಾರಳು ಎಂದು ಸಿಗರೇಟಿನ ಮುದುಕ ಬಹಿರಂಗವಾಗಿಯೇ ಹೇಳಿಕೊಂಡು ಬಂದಿದ್ದ. ಆ ಬೆಳಗಿನವರೆಗೂ ಅವನ ಮಾತು ಸುಳ್ಳಾಗಿರಲಿಲ್ಲ.

ಈ ಓಟ ಹುಟ್ಟಿದ್ದೇ ಒಂದು ಜೈಲು ಪರಾರಿಯಿಂದ. 1977ರ ಜೂನ್ 10. ಬ್ರಷಿ ಮೌಂಟನ್ ಸೆರೆಮನೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಜೇಮ್ಸ್ ಅರ್ಲ್ ರೇ ಗೋಡೆ ಹಾರಿದ. ಕಾಡು ಹೊಕ್ಕ. ಬೇಟೆನಾಯಿಗಳು ವಾಸನೆ ಹಿಡಿದು ಬೆನ್ನಟ್ಟಿದವು. ಆತ ಅಡಗಿದ, ತೆವಳಿದ, ಓಡಿದ. ಸುಮಾರು 54 ಗಂಟೆ ಕಳೆದ ಮೇಲೆ ತರಗೆಲೆಗಳ ಅಡಿಯಿಂದ ಅವನನ್ನು ಎಳೆದು ತೆಗೆದರು. ಅಷ್ಟು ಹೊತ್ತಿನಲ್ಲಿ ಆತ ದಾಟಿದ್ದು ಹದಿಮೂರು ಕಿಲೋಮೀಟರಿನ ಆಸುಪಾಸು ಮಾತ್ರ.

ಈ ಸುದ್ದಿ ಗ್ಯಾರಿ ಕ್ಯಾಂಟ್ರೆಲ್ ಎಂಬ ಓಟಗಾರನ ಕಿವಿಗೆ ಬಿತ್ತು. ತಾನಾಗಿದ್ದರೆ ಅಷ್ಟರಲ್ಲಿ ನೂರು ಮೈಲಿ ಓಡುತ್ತಿದ್ದೆ ಎಂದ. ಅಂದು ಸುಮ್ಮನಾಗಲಿಲ್ಲ. 1986ರಲ್ಲಿ ಅದೇ ಬೆಟ್ಟಗಳಲ್ಲಿ ಒಂದು ಓಟ ಕಟ್ಟಿದ. ಗೆಳೆಯ ಬ್ಯಾರಿ ಬಾರ್ಕ್ಲಿಯ ಹೆಸರಿಟ್ಟು ಅದನ್ನು ಬಾರ್ಕ್ಲಿ ಮ್ಯಾರಥಾನ್ಸ್ ಎಂದು ಕರೆದ. ತನ್ನನ್ನು ಲ್ಯಾಜರಸ್ ಲೇಕ್ ಎಂದು ಕರೆದುಕೊಂಡ. ಸಿಗರೇಟಿನ ಆ ಮುದುಕ ಇವನೇ. ಬೇರೆ ಓಟಗಳನ್ನು ಜನ ಮುಗಿಸಲಿ ಎಂದು ಕಟ್ಟುತ್ತಾರೆ. ಲ್ಯಾಜರಸ್ ಲೆಕ್ಕಾಚಾರವೇ ಬೇರೆ.

ಐದು ಸುತ್ತು. ಒಂದು ಸುತ್ತು 20 ಮೈಲಿ, ಅಂದರೆ 32 ಕಿಲೋಮೀಟರ್ ಎನ್ನುತ್ತಾನೆ ಆತ. ಓಡಿ ಬಂದವರು ನಂಬುವುದಿಲ್ಲ. 40 ದಾಟುತ್ತದೆ ಎಂದು ಆಣೆ ಇಡುತ್ತಾರೆ. ಒಟ್ಟು ಏರು 60,000 ಅಡಿಗೂ ಹೆಚ್ಚು. ಸಮುದ್ರಮಟ್ಟದಿಂದ ಎವರೆಸ್ಟ್ ತುದಿಗೆ ಎರಡು ಸಲ ಹತ್ತಿದಷ್ಟು. ಹತ್ತಿದ್ದನ್ನೆಲ್ಲ ಇಳಿಯಲೂಬೇಕು. ಕೊಟ್ಟಿರುವ ಸಮಯ 60 ಗಂಟೆ.

ದಾರಿಗೆ ಗುರುತಿಲ್ಲ. ಬಾಣವಿಲ್ಲ, ಮರಕ್ಕೆ ಕಟ್ಟಿದ ರಿಬ್ಬನ್ನಿಲ್ಲ. ಜಿಪಿಎಸ್ ಕೂಡದು, ಮೊಬೈಲ್ ಕೂಡದು. ಮೂಲ ನಕ್ಷೆಯೊಂದನ್ನು ಮೇಜಿನ ಮೇಲೆ ಇಟ್ಟಿರುತ್ತಾರೆ. ನೋಡಿಕೊಂಡು ತಮ್ಮ ನಕ್ಷೆಯ ಮೇಲೆ ತಾವೇ ಗೆರೆ ಎಳೆದುಕೊಳ್ಳಬೇಕು. ಕೈಗೊಂದು ಅಗ್ಗದ ವಾಚು ಕೊಡುತ್ತಾರೆ. ದಿಕ್ಸೂಚಿ ನಿಮ್ಮದು. ಇಡೀ ಸುತ್ತಿನಲ್ಲಿ ನೀರು ಸಿಗುವುದು ಎರಡು ಕಡೆ. ಊಟ, ಬಟ್ಟೆ, ಬ್ಯಾಟರಿ ಬೇಕಿದ್ದರೆ ಸುತ್ತು ಮುಗಿಸಿ ಗೇಟಿಗೆ ಬನ್ನಿ. ನಡುವೆ ಬಿದ್ದರೆ, ದಾರಿ ತಪ್ಪಿದರೆ, ಹೆದರಿದರೆ ಎತ್ತಿಕೊಳ್ಳಲು ಅಲ್ಲಿ ಯಾರೂ ಇಲ್ಲ.

ಓಡಿದ್ದಕ್ಕೆ ಸಾಕ್ಷಿ ಬೇಕಲ್ಲ? ಪುಸ್ತಕಗಳಿವೆ. ಬಂಡೆಯ ಸಂದಿನಲ್ಲಿ, ಮರದ ಬುಡದಲ್ಲಿ ಹಳೆಯ ಕಾದಂಬರಿಗಳನ್ನು ಅಡಗಿಸಿರುತ್ತಾರೆ. ಎದೆಗೆ ಚುಚ್ಚಿಕೊಂಡ ಸಂಖ್ಯೆ ಯಾವುದೋ ಆ ಪುಟವನ್ನೇ ಹರಿದು ತರಬೇಕು. ಪ್ರತಿ ಸುತ್ತಿಗೂ ಹೊಸ ಸಂಖ್ಯೆ. ಗೇಟು ಮುಟ್ಟಿದ ಕೂಡಲೇ ಲ್ಯಾಜರಸ್ ಪುಟಗಳನ್ನು ಎಣಿಸುತ್ತಾನೆ. ಒಂದು ಕಡಿಮೆಯಾದರೂ ಆ ಸುತ್ತು ಓಡಿಯೇ ಇಲ್ಲ.

ರ‍್ಯಾಟ್ ಜಾ ಎಂಬ ಏರೊಂದಿದೆ. ವಿದ್ಯುತ್ ತಂತಿ ಎಳೆಯಲು ಮರ ಕಡಿದ ನೆಟ್ಟನೆಯ ಇಳಿಜಾರು. ಮರ ಹೋದ ಜಾಗವನ್ನೆಲ್ಲ ಮುಳ್ಳುಬಳ್ಳಿ ಆಕ್ರಮಿಸಿದೆ. ಅದು ಚುಚ್ಚುವುದಿಲ್ಲ, ಗರಗಸದಂತೆ ಕುಯ್ಯುತ್ತದೆ. ಅದರ ಬುಡದಲ್ಲಿ ರೇ ತಪ್ಪಿಸಿಕೊಂಡ ಅದೇ ಸೆರೆಮನೆ. ಅದರ ಅಡಿಯ ಸುರಂಗದೊಳಗೆ ನೀರು ತುಳಿಯುತ್ತ, ಕತ್ತಲು ಸೀಳುತ್ತ ಓಟಗಾರ ದಾಟಬೇಕು. ಆ ಮುಳ್ಳಿನ ಗೋಡೆಯನ್ನೂ ಹತ್ತಬೇಕು.

ಪ್ರವೇಶ ಶುಲ್ಕ ಎಷ್ಟು? 1 ಡಾಲರ್ 60 ಸೆಂಟ್. ಜೊತೆಗೆ ತನ್ನನ್ನು ಏಕೆ ಬಿಟ್ಟುಕೊಳ್ಳಬೇಕು ಎಂಬ ಪ್ರಬಂಧ. ಆಯ್ಕೆಯಾದವರಿಗೆ ಅಭಿನಂದನೆ ಬರುವುದಿಲ್ಲ, ಸಂತಾಪಪತ್ರ ಬರುತ್ತದೆ. ಸೋತು ಗೇಟಿಗೆ ಮರಳಿದವರಿಗೆ ಬ್ಯೂಗಲ್ ಊದುತ್ತಾರೆ. ಅಮೆರಿಕದಲ್ಲಿ ಸೈನಿಕರನ್ನು ಮಣ್ಣು ಮಾಡುವಾಗ ನುಡಿಸುವ ಅದೇ ಧಾಟಿ.

ಬ್ಯೂಗಲ್ಲಿಗೆ ಬಿಡುವೇ ಇರಲಿಲ್ಲ. ಮೊದಲ ಮನುಷ್ಯ ಐದು ಸುತ್ತು ಪೂರೈಸಿದ್ದು 1995ರಲ್ಲಿ, ಬ್ರಿಟನ್ನಿನ ಮಾರ್ಕ್ ವಿಲಿಯಮ್ಸ್. 2006ರಲ್ಲಿ ಹಿರಿಯ ಓಟಗಾರನೊಬ್ಬ ದಾರಿ ತಪ್ಪಿ ಅಲೆದ. ಎರಡು ಮೈಲಿ ದಾಟಲು ಅವನಿಗೆ 32 ಗಂಟೆ ಹಿಡಿಯಿತು! 2017ರಲ್ಲಿ ಕೆನಡಾದ ಗ್ಯಾರಿ ರಾಬಿನ್ಸ್ ಐದನೆಯ ಸುತ್ತಿನ ಕೊನೆಯ ಪುಟವನ್ನೂ ಹರಿದುಕೊಂಡ. ಮಂಜು ಕವಿಯಿತು. ತಪ್ಪು ಬದಿಗೆ ಇಳಿದ. ಹೊಳೆ ದಾಟಿ, ಕಾಡು ಸೀಳಿ, ತಪ್ಪು ದಿಕ್ಕಿನಿಂದ ಓಡಿ ಬಂದು ಗೇಟು ಹಿಡಿದ. ಗಡಿಯಾರ 60 ಗಂಟೆ ದಾಟಿ ಆರು ಸೆಕೆಂಡು ತೋರಿಸುತ್ತಿತ್ತು. ಗೇಟಿನ ಮುಂದೆಯೇ ಕುಸಿದು ಬಿದ್ದ.

2023 ಮುಗಿಯುವ ಹೊತ್ತಿಗೆ ಬಾರ್ಕ್ಲಿ ಗೆದ್ದವರು ಒಟ್ಟು 17 ಮಂದಿ. ಹದಿನೇಳೂ ಗಂಡಸರು. ಹೆಂಗಸರಲ್ಲಿ ನಾಲ್ಕನೆಯ ಸುತ್ತಿಗೆ ಕಾಲಿಟ್ಟವರೇ ಅಪರೂಪ.

ಈ ಪಶುವೈದ್ಯೆ ಅಲ್ಲಿಗೆ ಬಂದದ್ದಾದರೂ ಹೇಗೆ?

ಜಾಸ್ಮಿನ್ ಬೆಳೆದದ್ದು ಇಂಗ್ಲೆಂಡಿನ ಡರ್ಬಿಶೈರ್ ಬೆಟ್ಟಗಳ ಅಂಚಿನ ಹ್ಯಾಡ್‌ಫೀಲ್ಡ್‌ನಲ್ಲಿ. ತಂದೆ ತಾಯಿ ಇಬ್ಬರೂ ಗಣಿತಜ್ಞರು. ತಂದೆ ಜೆಫ್ ಪ್ಯಾರಿಸ್ ಹೆಸರಿನಲ್ಲಿ ತರ್ಕಗಣಿತದ ಹೆಸರಾಂತ ಪ್ರಮೇಯವೇ ಇದೆ. ಮಗಳು ಪಶುವೈದ್ಯಕೀಯ ಓದಿದಳು. 2008ರ ಸುಮಾರಿಗೆ ಊರ ಹತ್ತಿರದ ಸಣ್ಣ ಗುಡ್ಡದೋಟವೊಂದಕ್ಕೆ ಹೆಸರು ಕೊಟ್ಟಳು. ಮೊಣಕಾಲಿನವರೆಗೆ ಕೆಸರು, ಎದೆಗೆ ಹೊಡೆಯುವ ಗಾಳಿ. ಆ ಕೆಸರು ಆಕೆಯನ್ನು ಹಿಡಿದುಕೊಂಡಿತು.

ಬ್ರಿಟನ್ನಿನ ಈ ಬೋಳುಬೆಟ್ಟಗಳ ಓಟ, ಫೆಲ್ ರನ್ನಿಂಗ್, ಕಾಲಿನ ಆಟ ಮಾತ್ರವಲ್ಲ. ಇಲ್ಲಿಯ ಶಿಖರದಿಂದ ಅಲ್ಲಿಯ ಶಿಖರಕ್ಕೆ ಹೋಗು ಎನ್ನುತ್ತಾರೆ. ಹೇಗೆ ಹೋಗುತ್ತೀ ಎಂಬುದು ನಿನಗೆ ಬಿಟ್ಟದ್ದು. ಜೌಗನ್ನು ಬಳಸಬೇಕೇ, ಸೀಳಬೇಕೇ? ಕಲ್ಲುಕುಸಿತದ ಮೇಲೆ ಜಾರಿ ಇಳಿಯಬೇಕೇ? ಮಂಜಿನಲ್ಲಿ ನಕ್ಷೆ ಓದು, ಓಡುತ್ತಲೇ ಓದು, ಓದುತ್ತಲೇ ನಿರ್ಧರಿಸು. ಈ ವಿದ್ಯೆ ಕೈಗೂಡಲು ವರ್ಷಗಳು ಬೇಕು. ಜಾಸ್ಮಿನ್ ಆ ವರ್ಷಗಳನ್ನು ಕೊಟ್ಟಳು. ಮುಂದೆ ಟೆನೆಸಿಯ ಕಾಡಿನಲ್ಲಿ ಆಕೆಯನ್ನು ಉಳಿಸಿದ್ದು ಇದೇ ವಿದ್ಯೆ ಎಂದು ನಾನು ಬಲವಾಗಿ ನಂಬುತ್ತೇನೆ.

2016 ಸಿಡಿಲಿನಂತೆ ಬಂತು. ಇಂಗ್ಲೆಂಡಿನ ಬಾಬ್ ಗ್ರಹಾಂ ರೌಂಡ್: 42 ಶಿಖರ, ಸುಮಾರು 106 ಕಿಲೋಮೀಟರ್, 8,200 ಮೀಟರ್ ಏರು. 24 ಗಂಟೆಯೊಳಗೆ ಮುಗಿಸಿದರೇ ದೊಡ್ಡ ಮಾತು. ಜಾಸ್ಮಿನ್ 15 ಗಂಟೆ 24 ನಿಮಿಷದಲ್ಲಿ ಮುಗಿಸಿದಳು. ಮಹಿಳೆಯರ ಹಳೆಯ ದಾಖಲೆಯಿಂದ ಎರಡೂವರೆ ಗಂಟೆಗೂ ಹೆಚ್ಚು ಕತ್ತರಿಸಿ ಎಸೆದಳು. ಕೆಲವೇ ವಾರಗಳಲ್ಲಿ ಸ್ಕಾಟ್ಲೆಂಡಿನ ರಾಮ್ಸೆ ರೌಂಡ್: 16 ಗಂಟೆ 13 ನಿಮಿಷ. ಈ ಸಲ ಗಂಡಸರ ದಾಖಲೆಯೂ ಉರುಳಿತು. ವರ್ಷ ಮುಗಿಯುವ ಮೊದಲೇ ವೇಲ್ಸಿನ ಪ್ಯಾಡಿ ಬಕ್ಲಿ ರೌಂಡನ್ನೂ ಹತ್ತಿ ಇಳಿದಳು. ಇಷ್ಟೆಲ್ಲ ಆದದ್ದು ಕೆಲಸಕ್ಕೆ ಹೋಗಿ ಬಂದು ಉಳಿದ ಹೊತ್ತಿನಲ್ಲಿ.

ಮರುವರ್ಷ ಮಗಳು ಹುಟ್ಟಿದಳು. ಓಟ ಮುಗಿಯಿತೆಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೆ 2019ರ ಜನವರಿ ಉತ್ತರ ಕೊಟ್ಟಿತು.

ಸ್ಪೈನ್ ರೇಸ್. ಇಂಗ್ಲೆಂಡಿನ ಬೆನ್ನುಮೂಳೆಯಂತಿರುವ ಪೆನೈನ್ ಬೆಟ್ಟಸಾಲಿನುದ್ದಕ್ಕೂ ಎಡೇಲ್‌ನಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್‌ವರೆಗೆ 268 ಮೈಲಿ. 431 ಕಿಲೋಮೀಟರ್. ನಟ್ಟ ನಡು ಚಳಿಗಾಲ. ದಿನದಲ್ಲಿ ಬೆಳಕು ಎಂಟು ಗಂಟೆ, ಉಳಿದದ್ದೆಲ್ಲ ಕತ್ತಲು. ಮಲಗುವ ಚೀಲ, ಒಲೆ, ನಕ್ಷೆ, ಆಹಾರ, ಎಲ್ಲ ಬೆನ್ನ ಮೇಲೆ. ಗಡಿಯಾರ ನಿಲ್ಲುವುದಿಲ್ಲ, ನಿದ್ರಿಸಿದ ಪ್ರತಿ ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ಜಾಸ್ಮಿನ್‌ಗೆ ಇನ್ನೊಂದು ಲೆಕ್ಕವೂ ಇತ್ತು. ಮಗುವಿಗೆ 14 ತಿಂಗಳು, ಇನ್ನೂ ಎದೆಹಾಲು ಬಿಡಿಸಿರಲಿಲ್ಲ. ಹಾಲು ತೆಗೆಯದೆ ಬಿಟ್ಟರೆ ಎದೆ ಕಟ್ಟಿಕೊಳ್ಳುತ್ತದೆ, ಬಾವು ಬರುತ್ತದೆ, ಜ್ವರ ಏರುತ್ತದೆ. ಹಾಗಾಗಿ ಇತರರು ಕಾಲಿನ ಬೊಬ್ಬೆ ನೋಡಿಕೊಳ್ಳುವ, ಬಿಸಿ ಸೂಪು ಹೀರುವ ವಿಶ್ರಾಂತಿ ತಾಣಗಳಲ್ಲಿ ಆಕೆ ಪಂಪು ಹಿಡಿದು ಹಾಲು ತೆಗೆದಳು. ತಿಂದಳು. ಒಂದಿಷ್ಟು ಕಣ್ಣು ಮುಚ್ಚಿದಳು. ಎದ್ದು ಮತ್ತೆ ಕತ್ತಲಿಗೆ ಇಳಿದಳು.

ಮುಂದೆ ಇದ್ದದ್ದು ಸ್ಪೇನಿನ ಯೂಜೆನಿ ರೊಸೆಯೊ, ಈ ಓಟವನ್ನು ಹಿಂದೆ ಗೆದ್ದಿದ್ದವನು. ಕೆಲವೊಮ್ಮೆ ಆತ ಮುಂದೆ, ಕೆಲವೊಮ್ಮೆ ಆಕೆ. ಪೆನೈನ್‌ಗಳಲ್ಲೇ ಎತ್ತರದ, 893 ಮೀಟರಿನ ಕ್ರಾಸ್ ಫೆಲ್ ಹತ್ತಿ ಇಳಿಯಬೇಕು. ಹೆಪ್ಪುಗಟ್ಟಿದ ಜೌಗು ತುಳಿಯಬೇಕು. ನಿದ್ರೆಗೆಟ್ಟ ಮೆದುಳು ಆಟ ಆಡತೊಡಗಿತು. ಬಂಡೆ ಬಂಡೆಯಿಂದಲೂ ಪ್ರಾಣಿಗಳು ಎದ್ದು ಬಂದವು. ತಾನು ಇಲ್ಲಿ ಏನು ಮಾಡುತ್ತಿದ್ದೇನೆ ಎಂಬುದೇ ಆಗಾಗ ಮರೆತುಹೋಯಿತು. ಕಾಲು ಮರೆಯಲಿಲ್ಲ, ನಡೆಯುತ್ತಲೇ ಇತ್ತು.

ಆಕೆ ಮುಂದೆ ಸರಿದಳು. ಹಿಂದೆ ರೊಸೆಯೊನನ್ನು ಚಳಿ ಹಿಡಿಯಿತು. ಗುರಿ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಆತ ನಿಂತುಬಿಟ್ಟ, ರಕ್ಷಣೆಗೆ ಕರೆ ಹೋಯಿತು. ಅಷ್ಟು ದೂರ ಬಂದ ಗಟ್ಟಿಗನನ್ನೇ ಕೆಡವಿದ ಚಳಿ ಅದು. ಅದೇ ಚಳಿಯಲ್ಲಿ ಜಾಸ್ಮಿನ್ ಕರ್ಕ್ ಯೆಟ್‌ಹೋಮ್‌ನ ಗೋಡೆ ಮುಟ್ಟಿದಳು. 83 ಗಂಟೆ, 12 ನಿಮಿಷ, 23 ಸೆಕೆಂಡು. ನಿದ್ರೆ ಒಟ್ಟು ಸುಮಾರು ಮೂರು ಗಂಟೆ. ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು. ಹಳೆಯ ದಾಖಲೆಗಿಂತ 12 ಗಂಟೆ ಬೇಗ. ಎರಡನೆಯವನು ಬರುವ ಹೊತ್ತಿಗೆ ಹದಿನೈದು ಗಂಟೆ ಕಳೆದಿತ್ತು!

ಮನೆಗೆ ಮರಳಿ ಪಿಎಚ್‌.ಡಿ. ಪ್ರಬಂಧದ ಮುಂದೆ ಕುಳಿತಳು. ರಕ್ತದ ಕ್ಯಾನ್ಸರಿನ ಕುರಿತ ಸಂಶೋಧನೆ ಅದು. ಎರಡನೆಯ ಮಗು ಬಂತು. ಓಟಕ್ಕೆ ಉಳಿದದ್ದು ಮಕ್ಕಳು ಏಳುವ ಮೊದಲಿನ ಹೊತ್ತು. ಆ ಕತ್ತಲಲ್ಲಿ ಗುಡ್ಡ ಹತ್ತಿದಳು, ಇಳಿದಳು, ಮತ್ತೆ ಅದೇ ಗುಡ್ಡ ಹತ್ತಿದಳು. ಲಕ್ಷ್ಯ ಅಟ್ಲಾಂಟಿಕ್ ಸಾಗರದ ಆಚೆಗಿತ್ತು.

2022. ಮೊದಲ ಬಾರ್ಕ್ಲಿ. ಮೂರು ಸುತ್ತು ಮುಗಿಸಿದಳು. ಹೆಂಗಸೊಬ್ಬಳು ಅಷ್ಟು ಮಾಡಿ ಒಂಬತ್ತು ವರ್ಷ ಕಳೆದಿತ್ತು. ಲ್ಯಾಜರಸ್ ಇದನ್ನು ಮೋಜಿನ ಓಟ ಎನ್ನುತ್ತಾನೆ! ಮುಗಿಸಿದವರ ಪಟ್ಟಿಗೆ ಇದು ಸೇರುವುದಿಲ್ಲ.

2023. ನಾಲ್ಕನೆಯ ಸುತ್ತಿಗೆ ನುಗ್ಗಿದಳು. ಈ ಕಾಡಿನ ಕಟ್ಟಳೆ ಕಠಿಣ: ಮೂರು ಸುತ್ತು 36 ಗಂಟೆಯೊಳಗೆ ಮುಗಿದರೆ ಮಾತ್ರ ನಾಲ್ಕಕ್ಕೆ ಬಿಡುವುದು, ನಾಲ್ಕು 48ರೊಳಗೆ ಮುಗಿದರೆ ಮಾತ್ರ ಐದಕ್ಕೆ. ಸಮಯ ಜಾರಿತು. ಬ್ಯೂಗಲ್ ಮೊಳಗಿತು.

ಜಗತ್ತು 2024ನ್ನು ಕೊಂಡಾಡುತ್ತದೆ. ನನಗೆ ಈ 2023ರ ಸೋಲಿನ ಮೇಲೆ ಹೆಚ್ಚು ಪ್ರೀತಿ. ಯಾವ ಇಳಿಜಾರಿನಲ್ಲಿ ಐದು ನಿಮಿಷ ಸೋರುತ್ತದೆ, ಯಾವ ಪುಸ್ತಕ ಯಾವ ಕಲ್ಲಿನ ಹಿಂದೆ ಕಾಡುತ್ತದೆ, ಎರಡನೆಯ ರಾತ್ರಿ ಹೊಟ್ಟೆ ಯಾವುದನ್ನು ಒಲ್ಲೆನ್ನುತ್ತದೆ, ಇವೆಲ್ಲ ಆ ಕಾಡಿನಲ್ಲಿ ಸೋತವರಿಗೆ ಮಾತ್ರ ಗೊತ್ತು. ಆಕೆ ಅದನ್ನೆಲ್ಲ ಹೊತ್ತು ಮನೆಗೆ ಹೋದಳು. ಮತ್ತೊಂದು ವರ್ಷ ಕತ್ತಲಲ್ಲಿ ಎದ್ದಳು.

ಈಗ ಮತ್ತೆ 2024ರ ಆ ಗೇಟು.

ಮೊದಲ ಸುತ್ತು. ಎರಡನೆಯದು. ರಾತ್ರಿ. ಮೂರನೆಯದು. ಒಬ್ಬೊಬ್ಬರೇ ಉದುರಿದರು, ಬ್ಯೂಗಲ್ ಮೊಳಗುತ್ತಲೇ ಹೋಯಿತು. ಜಾಸ್ಮಿನ್ ಬಂದಳು, ಪುಟ ಕೊಟ್ಟಳು, ತಿಂದಳು, ಹೊಸ ಸಂಖ್ಯೆ ಹಿಡಿದು ಹೋದಳು. ಇನ್ನೊಂದು ರಾತ್ರಿ. ನಾಲ್ಕನೆಯ ಸುತ್ತನ್ನು ಸಮಯದೊಳಗೆ ಮುಗಿಸಿ ಗೇಟು ಮುಟ್ಟಿದಳು. ಐದನೆಯ ಸುತ್ತಿಗೆ ತಿರುಗಿದಳು. ಯಾವ ಹೆಂಗಸೂ ಅದುವರೆಗೆ ಅಲ್ಲಿ ಆ ಸುತ್ತಿಗೆ ಕಾಲಿಟ್ಟಿರಲಿಲ್ಲ.

ಐದನೆಯ ಸುತ್ತಿಗೆ ಇನ್ನೊಂದು ಕ್ರೌರ್ಯವಿದೆ. ಮೊದಲು ಹೊರಟವನು ದಿಕ್ಕು ಆರಿಸಿಕೊಳ್ಳುತ್ತಾನೆ. ಅವನ ಹಿಂದಿನವನು ಎದುರು ದಿಕ್ಕಿಗೆ ಹೋಗಬೇಕು, ಮೂರನೆಯವನು ಮತ್ತೆ ಈ ದಿಕ್ಕಿಗೆ. ಜೊತೆಗಾರನಿಲ್ಲ. ಮುಂದಿನವನ ಬೆನ್ನು ಹಿಡಿಯುವಂತಿಲ್ಲ. ಎರಡು ರಾತ್ರಿ ನಿದ್ರೆಗೆಟ್ಟ ತಲೆಯಲ್ಲಿ ನಕ್ಷೆ ಒಂಟಿಯಾಗಿ ಓದಬೇಕು. ಒಂದು ಕಣಿವೆ ತಪ್ಪಿದರೆ ಸಾಕು.

ಮಾರ್ಚ್ 22ರ ಸಂಜೆ. ಗೇಟಿನ ಬಳಿ ಜನ ಕಿಕ್ಕಿರಿದರು. ಉಕ್ರೇನಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿರುವ ಇಹೋರ್ ವೆರಿಸ್ ಮೊದಲು ಬಂದ: 58 ಗಂಟೆ 44 ನಿಮಿಷ. ಈ ಬೆಟ್ಟಗಳ ತಪ್ಪಲಲ್ಲೇ ಬೆಳೆದ ಜಾನ್ ಕೆಲ್ಲಿ: 59 ಗಂಟೆ 15 ನಿಮಿಷ. ಜೇರೆಡ್ ಕ್ಯಾಂಪ್‌ಬೆಲ್: 59 ಗಂಟೆ 30 ನಿಮಿಷ, ನಾಲ್ಕನೆಯ ಸಲ ಗೆದ್ದ ಏಕೈಕ ಮನುಷ್ಯ. ನ್ಯೂಜಿಲೆಂಡಿನ ಗ್ರೆಗ್ ಹ್ಯಾಮಿಲ್ಟನ್: 59 ಗಂಟೆ 38 ನಿಮಿಷ. ಒಂದೇ ವರ್ಷದಲ್ಲಿ ನಾಲ್ವರು! ಬಾರ್ಕ್ಲಿ ಹೀಗೆ ಎಂದೂ ಸೋತಿರಲಿಲ್ಲ.

ಐದನೆಯವಳು ಎಲ್ಲಿ?

59 ಗಂಟೆ 45 ನಿಮಿಷ. ದಾರಿ ಖಾಲಿ. 59 ಗಂಟೆ 50. ಖಾಲಿ. 59 ಗಂಟೆ 55. ಜನ ವಾಚು ನೋಡಿದರು, ತಿರುವು ನೋಡಿದರು, ಮತ್ತೆ ವಾಚು ನೋಡಿದರು. ಏಳು ವರ್ಷದ ಹಿಂದಿನ ಆರು ಸೆಕೆಂಡು ಅಲ್ಲಿದ್ದವರಿಗೆ ಮರೆತಿರಲಿಲ್ಲ.

ಕೆಳಗಿನಿಂದ ಕೂಗು ಎದ್ದಿತು. ಕೂಗು ಹತ್ತಿರವಾಯಿತು. ತಿರುವಿನಲ್ಲಿ ಆಕೆ ಕಾಣಿಸಿದಳು.

ಓಡುತ್ತಿದ್ದಳು! ಅರವತ್ತು ಗಂಟೆ ಹತ್ತಿ ಇಳಿದ ಕಾಲುಗಳು ಗೇಟಿನತ್ತ ಏರುವ ದಾರಿಯಲ್ಲಿ ಶಕ್ತಿಯಿದ್ದಷ್ಟೂ ಓಡುತ್ತಿದ್ದವು. ಕೈ ಬೀಸುತ್ತಿತ್ತು, ಬಾಯಿ ಗಾಳಿಗೆ ಹಪಹಪಿಸುತ್ತಿತ್ತು. ಕಾಲ್ಗಳ ಮೇಲೆ ಮುಳ್ಳು ಗೀರಿದ ಗೆರೆಗಳು. ಒಳಗೆ ಒಂದೇ ಯೋಚನೆ: ಈಗ ತಪ್ಪಿದರೆ ಮತ್ತೆ ಬಂದು ಇದನ್ನೆಲ್ಲ ಮೊದಲಿನಿಂದ ಮಾಡಬೇಕು. ಆ ಯೋಚನೆ ಕಾಲಿಗೆ ಇನ್ನೊಂದು ಹೆಜ್ಜೆ ಕೊಟ್ಟಿತು. ಮತ್ತೊಂದು. ಮತ್ತೊಂದು.

ಗೇಟು ಮುಟ್ಟಿದಳು. ಅದರ ಬುಡದಲ್ಲೇ ಕುಸಿದಳು.

59 ಗಂಟೆ, 58 ನಿಮಿಷ, 21 ಸೆಕೆಂಡು. ಇನ್ನು 99 ಸೆಕೆಂಡು ಬಾಕಿ ಇತ್ತು.

ಆದರೂ ಪುಟ ಎಣಿಸದೆ ಬಾರ್ಕ್ಲಿ ಮುಗಿಯುವುದಿಲ್ಲ. ನೆಲದ ಮೇಲೆ ಬಿದ್ದು ಉಸಿರಿಗೆ ಒದ್ದಾಡುತ್ತಿದ್ದವಳ ಪುಟಗಳು ಲ್ಯಾಜರಸ್ ಕೈ ಸೇರಿದವು. ಲೆಕ್ಕ ಸರಿಹೋಯಿತು. ಬಾರ್ಕ್ಲಿ ಗೆದ್ದ ಇಪ್ಪತ್ತನೆಯ ವ್ಯಕ್ತಿ, ಮೊದಲ ಮಹಿಳೆ.

ಕಟ್ಟಕಡೆಯ ಆ ನಿಮಿಷಗಳನ್ನು ಅದೃಷ್ಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೆನೈನ್‌ನ ಕತ್ತಲಲ್ಲಿ ಬೇಡದ ನಿಲುಗಡೆ ಕತ್ತರಿಸಲು ಕಲಿತಿದ್ದಳು. ಡರ್ಬಿಶೈರಿನ ಮಂಜಿನಲ್ಲಿ ನಕ್ಷೆ ಓದಲು ಕಲಿತಿದ್ದಳು. ಎರಡು ವರ್ಷ ಸೋತು ಈ ಕಾಡಿನ ತಿರುವುಗಳನ್ನು ಕಲಿತಿದ್ದಳು. ನೂರು ಕಡೆ ಉಳಿಸಿದ ಒಂದೊಂದು ಸೆಕೆಂಡು ಒಟ್ಟುಗೂಡಿ ಗೇಟಿನ ಬಳಿ ಕೈಗೆ ಬಂತು. ಅದೇ ವರ್ಷ ಬ್ರಿಟನ್ ಆಕೆಗೆ ಎಂಬಿಇ ಗೌರವ ಕೊಟ್ಟಿತು.

ಒಂದೇ ವರ್ಷ ಐವರು ಗೆದ್ದದ್ದನ್ನು ಲ್ಯಾಜರಸ್‌ಗೆ ಸಹಿಸಲಾಗಲಿಲ್ಲ. ದಾರಿ ಇನ್ನಷ್ಟು ಬಿಗಿಯಾಯಿತು. 2025ರ ಮಾರ್ಚಿನಲ್ಲಿ ಮತ್ತೆ ಶಂಖ ಮೊಳಗಿತು, ಮತ್ತೆ ಓಟಗಾರರು ನುಗ್ಗಿದರು. ಮೂರು ಸುತ್ತು ಮುಗಿಸಿದ್ದು ಒಬ್ಬನೇ, ಜಾನ್ ಕೆಲ್ಲಿ. ಐದು ಸುತ್ತು ಯಾರೂ ಮುಗಿಸಲಿಲ್ಲ.